ಕೆಂಪು ಕಾರು ಮತ್ತು ಮೇಷ್ಟರ ಬಲಗಾಲು

ಎಲ್ಲ ತಾಪತ್ರಯಕ್ಕೂ ಮೂಲ ಡ್ರೈವಿಂಗ್ ಮೇಷ್ಟರ ಬಲಗಾಲು. ವರ್ಷಾನುಗಟ್ಟಲೆ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತರಬೇತಿ ಕಾರಿನ ಎರಡನೇ ಬ್ರೇಕನ್ನು ಒತ್ತಿ ಒತ್ತಿ, ಆ ಕಾಲಿಗೆ ಅದರದೇ ಬುದ್ಧಿ ಬಂದುಬಿಟ್ಟಿತ್ತು. ಬಸ್ಸಿನಲ್ಲಿ ಕೂತರೂ ಒತ್ತುತ್ತಿತ್ತು, ಟಿ.ವಿ.ಯಲ್ಲಿ ಕಾರು ಓಡಿದರೂ ಒತ್ತುತ್ತಿತ್ತು. ಒಮ್ಮೆ ನಿದ್ದೆಯಲ್ಲಿ ಒತ್ತಿ ಹೆಂಡತಿಯನ್ನು ಮಂಚದಿಂದ ಕೆಳಗೆ ಬೀಳಿಸಿದ್ದೂ ಉಂಟು. ಕಾಲು ಒತ್ತಿತೆಂದರೆ ಬಾಯಿ ತೆರೆಯಿತೆಂದೇ ಲೆಕ್ಕ. "ಕ್ಲಚ್ಚು! ಕನ್ನಡಿ! ಆಕಾಶ ಏನ್ ನೋಡ್ತೀರಿ, ರಸ್ತೆ ನೋಡಿ!"

ಇಂಥ ಮನುಷ್ಯ ಆ ದಿನ ಸಂಜೆಯೊಳಗೆ ಒಂದು ಕಾರು ಮಾರಬೇಕಾಗಿತ್ತು. ಕಾರು ಕೊಳ್ಳುವವರು ಒಂದು ಸುತ್ತು ಓಡಿಸಿ ನೋಡದೆ ಕೊಳ್ಳುವುದಿಲ್ಲ. ಓಡಿಸುವಾಗ ಪಕ್ಕದಲ್ಲಿ ಮೇಷ್ಟರು ಕೂರಲೇಬೇಕು. ತೊಂದರೆ ಇದ್ದದ್ದು ಅಲ್ಲೇ.

ಕಾರು ಸಾಮಾನ್ಯದ್ದಲ್ಲ. ಕೆಂಪು ಬಣ್ಣದ, ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಸ್ಪೋರ್ಟ್ಸ್ ಕಾರು. "ಭಾವ, ಇಂಥ ಗಾಡಿಗೆ ಬೆಲೆ ಇಳಿಯೋದೇ ಇಲ್ಲ. ಒಂದು ವರ್ಷ ಇಟ್ಕೊಂಡು ಮಾರಿ, ಎರಡು ತರಬೇತಿ ಕಾರು ಬರುತ್ತೆ" ಎಂದು ಹೆಂಡತಿಯ ತಮ್ಮ ತಲೆಗೆ ತುಂಬಿದ್ದ. ಮೇಷ್ಟರು ಇದ್ದೊಂದು ತರಬೇತಿ ಕಾರನ್ನು ಮೆಕ್ಯಾನಿಕ್ಕಿಗೆ ಮಾರಿ, ಕೂಡಿಟ್ಟದ್ದನ್ನೆಲ್ಲ ಸೇರಿಸಿ ಅದನ್ನು ಮನೆಗೆ ತಂದರು. ತಂದ ಮೇಲೆ ಗೊತ್ತಾಯಿತು. ಅದು ನೀರಿನಂತೆ ಪೆಟ್ರೋಲು ಕುಡಿಯುತ್ತಿತ್ತು. ಒಂದು ಸಲ ಆಯಿಲ್ ಬದಲಿಸಿದರೆ ಮನೆ ಬಾಡಿಗೆ ಹೋಯಿತು. ಟಯರಿನ ಬೆಲೆ ಕೇಳಿದ ದಿನ ಮೇಷ್ಟರು ರಾತ್ರಿ ಊಟ ಬಿಟ್ಟಿದ್ದರು. ರಸ್ತೆಯ ಉಬ್ಬು ಬಂದರೆ ಕಾರಿನ ಹೊಟ್ಟೆ ಉಜ್ಜುತ್ತಿತ್ತು, ಜೊತೆಗೆ ಮೇಷ್ಟರ ಹೊಟ್ಟೆಯೂ ಉರಿಯುತ್ತಿತ್ತು. ಕಲಿಸಲು ಕಾರಿಲ್ಲದೆ ಕಲಿಯುವವರೆಲ್ಲ ಪಕ್ಕದ ಬೀದಿಯ ಡ್ರೈವಿಂಗ್ ಶಾಲೆಗೆ ಹೋದರು.

ಈಗ ಮೆಕ್ಯಾನಿಕ್ ಫೋನ್ ಮಾಡಿದ್ದ. "ಮೇಷ್ಟ್ರೇ, ನಿಮ್ಮ ಹಳೇ ಕಾರಿಗೆ ಯಾರೋ ಸಂಸಾರಸ್ಥರು ಗಿರಾಕಿ ಬಂದಿದಾರೆ. ಸಂಜೆ ಆರರ ತನಕ ತಡೀತೀನಿ. ದುಡ್ಡು ತಂದ್ರೆ ನಿಮಗೆ, ಇಲ್ಲಾಂದ್ರೆ ಅವರಿಗೆ."

ಆ ಹಳೇ ಕಾರು ಬಂದರೆ ಮೇಷ್ಟರ ಶಾಲೆ ಉಂಟು. ಬಾರದಿದ್ದರೆ ಈ ವಯಸ್ಸಿನಲ್ಲಿ ಪಕ್ಕದ ಬೀದಿಯವನ ಮುಂದೆ ಕೆಲಸಕ್ಕೆ ಕೈಕಟ್ಟಿ ನಿಲ್ಲಬೇಕು.

"ಇರಲಾರದೆ ಇರುವೆ ಬಿಟ್ಕೊಂಡ್ರಿ" ಎಂದಳು ಹೆಂಡತಿ. ಇರುವೆ ತಂದುಕೊಟ್ಟವನು ತನ್ನ ತಮ್ಮನೇ ಎಂಬುದನ್ನು ಅವಳು ಜಾಣತನದಿಂದ ಮರೆತಿದ್ದಳು. ಗಂಡನ ಜೇಬಿಗೆ ಒಂದು ಪೊಟ್ಟಣ ಪೆಪ್ಪರ್‌ಮಿಂಟು ತುರುಕಿದಳು. "ಇವತ್ತೊಂದು ದಿನ ಇದನ್ನ ಬಾಯಿಗೆ ಹಾಕ್ಕೊಂಡು ಸುಮ್ನಿರಿ. ಅವರು ಗೋಡೆಗೆ ಗುದ್ದಿದ್ರೂ ಸೊಗಸಾಗಿ ಓಡಿಸ್ತೀರಿ ಅನ್ನಿ."

ಆಚೆ ಬಂದರೆ ಕಾಂಪೌಂಡಿನ ಆ ಬದಿಯಲ್ಲಿ ಬ್ಯಾಂಕಜ್ಜ ನಿಂತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಲೆಕ್ಕ ಹಾಕಲು ಏನೂ ಸಿಗದೆ, ಮೇಷ್ಟರ ಕಾರಿನ ಬೆಲೆಯನ್ನೇ ದಿನವೂ ಲೆಕ್ಕ ಹಾಕುತ್ತಿದ್ದರು.

"ನಿನ್ನೆಗಿಂತ ಇವತ್ತು ಇನ್ನಷ್ಟು ಕರಗ್ತು ಮೇಷ್ಟ್ರೇ. ಮಂಜುಗಡ್ಡೆ ನೋಡಿ ಇದು, ನಿಂತಲ್ಲೇ ಕರಗುತ್ತೆ. ಓಡಿಸಿದ್ರಂತೂ ಕೇಳ್ಬೇಡಿ."

"ಬೆಳಬೆಳಗ್ಗೆ ಬೇಡ ಯಜಮಾನ್ರೇ" ಎಂದು ಮೇಷ್ಟರು ಕೈಮುಗಿದರು.

ಮೊದಲು ಬಂದವರು ಹಲ್ಲಿನ ಡಾಕ್ಟರು. ಮೇಷ್ಟರು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡು, ಕೈಗಳನ್ನು ತೊಡೆಯ ಕೆಳಗಿಟ್ಟು ಕೂತರು. ಡಾಕ್ಟರು ಕನ್ನಡಿ ನೋಡಲಿಲ್ಲ, ಮೇಷ್ಟರು ಸಹಿಸಿದರು. ಕ್ಲಚ್ಚಿನ ಮೇಲೆ ಕಾಲು ಇಟ್ಟೇ ಓಡಿಸಿದರು, ಅದನ್ನೂ ಸಹಿಸಿದರು. ಸಲೂನಿನ ಮುಂದಿನ ತಿರುವಿನಲ್ಲಿ ಡಾಕ್ಟರು ದೀಪ ಹಾಕದೆ ತಿರುಗಿಸಿದಾಗ ಬಲಗಾಲು ನೆಲ ಒತ್ತಿತು. ಪೆಪ್ಪರ್‌ಮಿಂಟು ಇಡಿಯಾಗಿ ಗಂಟಲಿಗಿಳಿಯಿತು.

"ಇಂಡಿಕೇಟರು ನಿಮ್ಮ ತಾತ ಹಾಕ್ತಾರಾ?"

ಡಾಕ್ಟರು ಕಾರು ನಿಲ್ಲಿಸಿ, ಕರವಸ್ತ್ರದಿಂದ ಮುಖ ಒರೆಸಿಕೊಂಡರು. "ನೋಡಿ, ದಿನಾ ಜನರ ಬಾಯಿ ತೆಗೆಸೋನು ನಾನು. ಆದ್ರೆ ನಿಮ್ಮ ಬಾಯಿ ಮುಚ್ಚಿಸೋದು ನನ್ನ ಕೈಲಾಗಲ್ಲ" ಎಂದು ಇಳಿದು ನಡೆದೇಬಿಟ್ಟರು. ಸಲೂನಿನವನು ಬಾಗಿಲಿಗೆ ಬಂದು ನೋಡಿ, ಒಳಗಿದ್ದ ಗಿರಾಕಿಗೆ ಸಂತೋಷದಿಂದ ಹೇಳಿದ. "ಮೇಷ್ಟ್ರು ಮತ್ತೆ ಕ್ಲಾಸ್ ಶುರು ಮಾಡಿದಾರೆ ಕಣಣ್ಣ."

ಮಧ್ಯಾಹ್ನ ಕಂಟ್ರಾಕ್ಟರು ಬಂದ. ದಢೂತಿ ಆಳು. ಕಾರಿನೊಳಗೆ ಅವನು ಹೊಕ್ಕಿದ್ದು ತಲೆದಿಂಬಿನ ಗವಸಿಗೆ ಹಾಸಿಗೆಯನ್ನು ತುರುಕಿದಂತಿತ್ತು. ಆದರೆ ಕೈಯಲ್ಲಿ ಚೀಲವಿತ್ತು, ಚೀಲದಲ್ಲಿ ಹಣವಿತ್ತು. ಮೇಷ್ಟರು ಈ ಸಲ ಎರಡು ಪೆಪ್ಪರ್‌ಮಿಂಟು ಹಾಕಿಕೊಂಡು, ಬಲಗಾಲನ್ನು ಮಡಚಿ ಅದರ ಮೇಲೆ ತಾವೇ ಕೂತರು. ಕಂಟ್ರಾಕ್ಟರು ದೊಡ್ಡ ರಸ್ತೆಗೆ ಬಂದವನೇ ಕಾರನ್ನು ಬಿಟ್ಟ ಬಾಣ ಮಾಡಿದ. ಎದುರಿಗೆ ಲಾರಿ. ಮಡಚಿದ ಕಾಲು ಎಲ್ಲಿತ್ತೋ ಹೇಗೆ ಬಂತೋ, ಮುಂದಿನ ಸಾಮಾನಿನ ಖಾನೆಗೆ ಒದೆಯಿತು. ಖಾನೆಯ ಬಾಗಿಲು ಕಿತ್ತುಬಂದು ಮೇಷ್ಟರ ಮಡಿಲಿಗೆ ಬಿತ್ತು.

"ನಿಲ್ಸಿ! ಇಳೀರಿ ಕೆಳಗೆ! ನಿಮಗೆ ಲೈಸೆನ್ಸ್ ಕೊಟ್ಟೋನು ಯಾವನ್ರೀ?"

ದನಿಯ ಜೋರಿಗೆ ಕಂಟ್ರಾಕ್ಟರು ನಿಜವಾಗಿಯೂ ಇಳಿದು ನಿಂತ. ಆಮೇಲೆ ತಾನು ಯಾರೆಂಬುದು ಅವನಿಗೆ ನೆನಪಾಯಿತು. "ರೀ ಸ್ವಾಮಿ, ನೀವು ಕಾರು ಮಾರ್ತೀರೋ ಪರೀಕ್ಷೆ ತಗೋತೀರೋ?" ಎಂದು ಚೀಲ ಎತ್ತಿಕೊಂಡು ಆಟೋ ಹತ್ತಿದ. ಮೇಷ್ಟರಿಗೆ ಅಳು ಬಂದಿತು. ಇದ್ದದ್ದನ್ನು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವ ಲೋಕ ಇದು. ಆದರೆ ಆ ದಿನ ಒದೆ ತಿನ್ನಲು ಅವರಿಗೆ ಪುರುಸೊತ್ತಿರಲಿಲ್ಲ.

ಮನೆಗೆ ಬಂದರೆ ಬ್ಯಾಂಕಜ್ಜ ಖಾನೆಯ ಬಾಗಿಲನ್ನು ತಿರುಗಿಸಿ ನೋಡಿ ನಾಲಿಗೆ ಲೊಚಗುಟ್ಟಿದರು. "ಇದು ಹೊರದೇಶದಿಂದ ಬರ್ಬೇಕು. ಇನ್ನೊಂದಷ್ಟು ಕಳೀರಿ." ಆಮೇಲೆ ಮೇಷ್ಟರ ಮುಖ ನೋಡಿ ಕರುಣೆ ಉಕ್ಕಿತು. "ಹೆದರ್ಬೇಡಿ. ನಮ್ಮ ಅಣ್ಣನ ಮಗಳಿಗೆ ಹೇಳ್ತೀನಿ. ಗಾಡಿ ಅಂದ್ರೆ ಅವಳಿಗೆ ಜೀವ, ದಿನವೆಲ್ಲ ಅದೇ ಕೆಲಸ." ಅಲ್ಲಿಯೇ ನಿಂತು ಬೀದಿಗೆಲ್ಲ ಕೇಳುವಂತೆ ಫೋನಿನಲ್ಲಿ ಮಾತಾಡಿದರು. "ಭಾರೀ ಒಳ್ಳೆ ಮನುಷ್ಯ ಕಣಮ್ಮ. ಪಾಪ, ಬೆಳಗ್ಗೆಯಿಂದ ಆ ಕೆಂಪು ಗಾಡೀಲಿ ಒಬ್ಬೊಬ್ಬರಿಗೂ ಗಂಟಲು ಹರಿಯೋ ಹಾಗೆ ಹೇಳ್ಕೊಡ್ತಿದಾರೆ. ನೀನೇ ಬಂದು ನೋಡು."

ಐದು ಗಂಟೆಗೆ ಆಕೆ ಬಂದಳು. ಹೆಗಲಿಗೆ ಚೀಲ, ಮಿತವಾದ ಮಾತು. ಅಷ್ಟರಲ್ಲಿ ಹೆಂಡತಿ ಖಾನೆಯ ಬಾಗಿಲಿಗೆ ಅಂಟುಪಟ್ಟಿ ಹಚ್ಚಿ, ಗಂಡನ ಬಲಗಾಲನ್ನು ಹಳೆಯ ಟವೆಲ್ಲಿನಿಂದ ಸೀಟಿನ ಕಾಲಿಗೆ ಕಟ್ಟಿ, ಉಳಿದ ಪೆಪ್ಪರ್‌ಮಿಂಟನ್ನೆಲ್ಲ ಬಾಯಿಗೆ ತುಂಬಿದ್ದಳು. "ಕಾಲು ಉಳುಕಿದೆಯಮ್ಮ, ಹಲ್ಲುನೋವು ಬೇರೆ" ಎಂದು ತಾನೇ ವಿವರಣೆಯನ್ನೂ ಕೊಟ್ಟಳು.

ಆಕೆ ಕೂತವಳೇ ಸೀಟು ಸರಿಮಾಡಿಕೊಂಡಳು. ಆಮೇಲೆ ಕನ್ನಡಿ. ಬೆಲ್ಟು. ಮೇಷ್ಟರ ಕಣ್ಣು ತೇವವಾಯಿತು. ಯಾರೂ ಹೇಳದೆ ಕನ್ನಡಿ ಸರಿಮಾಡಿಕೊಂಡ ಮನುಷ್ಯರನ್ನು ಅವರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ತಿರುವಿಗೆ ದೀಪ, ಉಬ್ಬಿಗೆ ನಿಧಾನ. ಲಾರಿಗೆ ದಾರಿ ಬಿಟ್ಟಳು. ಕಟ್ಟಿದ ಕಾಲು ಮಗುವಿನಂತೆ ಮಲಗಿತು.

"ಬೆಳಗ್ಗೆಯಿಂದ ಎಷ್ಟು ಜನ ಓಡಿಸಿದ್ರು?"

ಬಾಯಿ ತುಂಬಿದ್ದರಿಂದ ಮೇಷ್ಟರು ಎರಡು ಬೆರಳು ತೋರಿಸಿದರು.

"ಇಬ್ಬರಿಗೂ ನೀವೇ ಪಕ್ಕದಲ್ಲಿ ಕೂತು ಹೇಳಿದ್ರಾ?"

ಮೇಷ್ಟರು ಜೋರಾಗಿ ತಲೆಯಾಡಿಸಿದರು.

ಮನೆ ಮುಂದೆ ಬಂದು ನಿಂತರು. ಹೆಂಡತಿ, ಬ್ಯಾಂಕಜ್ಜ, ಸಲೂನಿನವನು, ಬೀದಿಯ ಅರ್ಧ ಜನ ಕಾಯುತ್ತಿದ್ದರು. "ಗಾಡಿ ಚೆನ್ನಾಗಿದೆ" ಎಂದಳಾಕೆ. ಎಂಜಿನ್ ಆರಿಸಿದಳು. ಬಾಗಿಲು ತೆಗೆದು ಒಂದು ಕಾಲು ಆಚೆಗಿಟ್ಟಳು.

ಹ್ಯಾಂಡ್‌ಬ್ರೇಕ್ ಎಳೆದಿರಲಿಲ್ಲ.

ಬೀದಿ ಕೊಂಚ ಇಳಿಜಾರು. ಮೇಷ್ಟರು ಕಣ್ಣು ಮುಚ್ಚಿಕೊಂಡರು. ಉರುಳಿದರೆ ಉರುಳಲಿ, ಚರಂಡಿಗೆ ಬಿದ್ದರೆ ಬೀಳಲಿ, ಈ ಒಂದು ಮಾತು ನುಂಗಿದರೆ ಹಳೇ ಕಾರು ಮನೆಗೆ ಬರುತ್ತದೆ ಎಂದು ತಮಗೆ ತಾವೇ ಬೇಡಿಕೊಂಡರು. ಕಾರು ಬೆರಳಿನಷ್ಟು ಮುಂದೆ ಜರುಗಿತು. ಹುಟ್ಟುಗುಣ ಸುಟ್ಟರೂ ಹೋಗದು. ಟವೆಲ್ಲು ಪರ್ ಎಂದು ಹರಿಯಿತು, ಪೆಪ್ಪರ್‌ಮಿಂಟು ಆಲಿಕಲ್ಲಿನಂತೆ ಗಾಜಿಗೆ ಸಿಡಿಯಿತು.

"ಹ್ಯಾಂಡ್‌ಬ್ರೇಕ್! ಇಳಿಯೋ ಮೊದ್ಲು ಹ್ಯಾಂಡ್‌ಬ್ರೇಕ್! ಎಷ್ಟು ಸಲ ಬಡ್ಕೋಬೇಕು ನಾನು?"

ಆಕೆ ಶಾಂತವಾಗಿ ಹ್ಯಾಂಡ್‌ಬ್ರೇಕ್ ಎಳೆದಳು. ತೋಳಿಗೆ ಅಂಟಿದ್ದ ಪೆಪ್ಪರ್‌ಮಿಂಟನ್ನು ತೆಗೆದು ಪಕ್ಕಕ್ಕಿಟ್ಟು, ಚೀಲದಿಂದ ಗುರುತಿನ ಚೀಟಿ ತೆಗೆದು ತೋರಿಸಿದಳು. ಸಾರಿಗೆ ಕಚೇರಿಯ ವಾಹನ ಇನ್‌ಸ್ಪೆಕ್ಟರ್.

"ಇದನ್ನ ನನ್ನ ಕಿವಿಯಲ್ಲೇ ಕೇಳೋಣ ಅಂತ ಬೇಕಂತಲೇ ಬಿಟ್ಟಿದ್ದೆ. ಎರಡನೇ ಬ್ರೇಕಿಲ್ಲದ ಗಾಡೀಲಿ ತರಬೇತಿ ಕೊಡೋದು ತಪ್ಪು ಅಂತ ಗೊತ್ತಿಲ್ವಾ ಮೇಷ್ಟ್ರೇ?"

"ಅಯ್ಯೋ ತರಬೇತಿ ಅಲ್ಲ ಮೇಡಂ, ಮಾರ್ತಿದೀನಿ!"

"ಮಾರೋರು ಗಿರಾಕೀನ ಹೀಗೆ ಬೈತಾರಾ?"

ಮೇಷ್ಟರು ಸಾಕ್ಷಿಗಾಗಿ ಬೀದಿಯ ಕಡೆ ನೋಡಿದರು. ಸಲೂನಿನವನು ಸಹಾಯಕ್ಕೆ ಧಾವಿಸಿ ಬಂದ. "ಹೌದು ಮೇಡಂ, ಬೆಳಗ್ಗೆಯಿಂದ ಒಂದೇ ಸಮ ಕಲಿಸ್ತಿದಾರೆ. ಇವರಂಥ ಮೇಷ್ಟ್ರು ಹುಡುಕಿದ್ರೂ ಸಿಗಲ್ಲ." ಬ್ಯಾಂಕಜ್ಜ ಹೆಮ್ಮೆಯಿಂದ, "ನಾನು ಫೋನಿನಲ್ಲಿ ಹೇಳಲಿಲ್ವೇನಮ್ಮ?" ಎಂದರು.

ಚಿಕ್ಕಪ್ಪನ ನೆರೆಮನೆಯವರೆಂದು ಆಕೆ ಶಾಲೆಯ ಪರವಾನಗಿಗೆ ಕೈಹಚ್ಚಲಿಲ್ಲ. ವಾರದೊಳಗೆ ಎರಡನೇ ಬ್ರೇಕು ಹಾಕಿಸಿ, ಕಾರನ್ನು ತರಬೇತಿ ವಾಹನವೆಂದು ದಾಖಲು ಮಾಡಿಸಬೇಕೆಂದು ಹೇಳಿ ಹೊರಟಳು. ಬ್ಯಾಂಕಜ್ಜ ಆಗಲೇ ಬೆರಳು ಮಡಚುತ್ತಿದ್ದರು. "ಕಲಿಯೋರು ತುಳಿದ ಗಾಡೀನ ಇನ್ಯಾರು ತಗೋತಾರೆ? ಬಿಡಿ ಮೇಷ್ಟ್ರೇ, ಒಳ್ಳೇದೇ ಆಯ್ತು. ಇನ್ಮೇಲೆ ಕರಗೋಕೆ ಏನೂ ಉಳಿದಿಲ್ಲ."

ಆರು ಹೊಡೆಯಿತು, ಫೋನೂ ಹೊಡೆಯಿತು. "ಮೇಷ್ಟ್ರೇ, ನಿಮ್ಮ ಹಳೇ ಕಾರು ಹೋಯ್ತು" ಎಂದ ಮೆಕ್ಯಾನಿಕ್. "ಆದ್ರೆ ಆ ಸಂಸಾರಸ್ಥರಿಗೆ ಎರಡನೇ ಬ್ರೇಕು ಬೇಡವಂತೆ, ಬಿಚ್ಚಿಟ್ಟಿದೀನಿ. ಯಾರಿಗಾದ್ರೂ ಬೇಕಿದ್ರೆ ಹೇಳಿ."

ವಾರದ ಕೊನೆಗೆ ಕೆಂಪು ಕಾರಿನ ಹಿಂದೆ ಮುಂದೆ ಕಲಿಯುವವರ ಫಲಕ ನೇತಾಡುತ್ತಿತ್ತು. ಮೊದಲ ವಿದ್ಯಾರ್ಥಿಯಾಗಿ ಬಂದವನು ಕಂಟ್ರಾಕ್ಟರು. ಅಷ್ಟು ಚೆನ್ನಾಗಿ ತನ್ನನ್ನು ಯಾರೂ ಬೈದಿರಲಿಲ್ಲವಂತೆ. ಅವನು ಕೊಟ್ಟ ಶುಲ್ಕ ಪೆಟ್ರೋಲಿಗೂ ಸಾಲುತ್ತಿರಲಿಲ್ಲ. ಹೆಂಡತಿ ಬಾಗಿಲಲ್ಲಿ ತಲೆಯ ಮೇಲೆ ಕೈಹೊತ್ತು ನಿಂತಿದ್ದಳು. ಮೇಷ್ಟರು ನಿಟ್ಟುಸಿರು ಬಿಟ್ಟು ಪಕ್ಕದ ಸೀಟಿನಲ್ಲಿ ಕೂತು ಕಾಲು ಚಾಚಿದರು. ಹಳೆಯ ಬ್ರೇಕು ಪಾದಕ್ಕೆ ತಗುಲಿತು. ಆ ಮನೆಯಲ್ಲಿ ಅಂದು ನೆಮ್ಮದಿಯಾಗಿದ್ದದ್ದು ಆ ಬಲಗಾಲೊಂದೇ.