ಹಸಿರು ಚುಕ್ಕೆ ನಂಬದ ಅಕ್ಕಾರು

ನಮ್ಮ ಅಕ್ಕಾರಿಗೆ ಕಂಪ್ಯೂಟರ್ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಹಾಗಾದರೆ ಅವರ ಉದ್ಯೋಗವೇನು ಎಂದಿರಾ? ಹಗಲೆಲ್ಲ ಕೂತು ಕಂಪ್ಯೂಟರುಗಳನ್ನು ಕಾಯುವುದು!

ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರ ಮಹಡಿಯ ಮೇಲೆ ನಮ್ಮ ನೆಟ್‌ವರ್ಕ್ ಕೋಣೆಯಿದೆ. ಗೋಡೆ ತುಂಬ ಒಂದು ಪರದೆ. ಹಾವೇರಿ, ಬ್ಯಾಡಗಿ, ಕರ್ಜಗಿ, ಹೊಸರಿತ್ತಿ ಎಂದು ಕಂಪನಿಯ ಒಂದೊಂದು ಶಾಖೆಗೂ ಅದರಲ್ಲಿ ಒಂದೊಂದು ಚುಕ್ಕೆ. ನಮ್ಮ ಯಂತ್ರ ಗಳಿಗೆಗೊಮ್ಮೆ ಆಯಾ ಶಾಖೆಯ ಇಂಟರ್ನೆಟ್ ಡಬ್ಬಿಯನ್ನು 'ಇದ್ದೀಯಾ?' ಎಂದು ಕೇಳುತ್ತದೆ. 'ಇದ್ದೇನೆ' ಎಂದರೆ ಚುಕ್ಕೆ ಹಸಿರು. ಉತ್ತರ ಬಾರದಿದ್ದರೆ ಕೆಂಪು, ಜೊತೆಗೆ ಸೂಜಿ ಚುಚ್ಚಿದಂಥ ಕೀರಲು ಸದ್ದು. ಆಗ ನಾವು ಕೂತಲ್ಲಿಂದಲೇ ಸರಿಮಾಡಬೇಕು, ಆಗದಿದ್ದರೆ ಯಾರನ್ನಾದರೂ ಓಡಿಸಬೇಕು. ಎಲ್ಲ ನೆಟ್ಟಗಿರುವಾಗ ನಾವೆಂಬವರು ಇದ್ದೇವೆಂದೇ ಯಾರಿಗೂ ನೆನಪಿರುವುದಿಲ್ಲ. ಕೆಟ್ಟಾಗ ಮಾತ್ರ ಅರ್ಧ ಜಿಲ್ಲೆ ನಮ್ಮ ಹೆಸರು ಹಿಡಿದು ಕೂಗುತ್ತದೆ. ಈ ಕೆಲಸದಲ್ಲಿ ಮೊದಲು ದಣಿಯುವುದು ಕಿವಿ.

ನನ್ನ ಕಿವಿಯ ದಣಿವಿನಲ್ಲಿ ಅರ್ಧ ಪಾಲು ಅಕ್ಕಾರದ್ದು. ಹತ್ತಿ ಗಿರಣಿಯೊಂದರಲ್ಲಿ ಟೆಲಿಫೋನ್ ಆಪರೇಟರಾಗಿ ಶುರುಮಾಡಿ, ಒಂದೊಂದೇ ಪರೀಕ್ಷೆ ಪಾಸು ಮಾಡಿ ನಮ್ಮೆಲ್ಲರ ಮೇಲಿನವರಾದವರು ಅವರು. ಗಿರಣಿ ಬಿಟ್ಟರೂ ಗಿರಣಿಯ ಗಂಟಲು ಬಿಟ್ಟಿಲ್ಲ. ಅವರು ಬ್ಯಾಡಗಿಗೆ ಫೋನ್ ಹಚ್ಚಿದರೆ, ಸುಮ್ಮನೆ ಕಿಟಕಿ ತೆಗೆದಿದ್ದರೂ ಸಾಕಿತ್ತಲ್ಲ ಅನ್ನಿಸುತ್ತದೆ!

ಬ್ಯಾಡಗಿ ಎಂದಾಗ ನೆನಪಾಯಿತು. ಅಲ್ಲಿನ ಮೆಣಸಿನಕಾಯಿ ಗೋದಾಮಿನ ಚುಕ್ಕೆ ದಿನಾ ಮಧ್ಯಾಹ್ನ ಕೆಂಪಗಾಗುತ್ತಿತ್ತು. ನಾನು ಯಂತ್ರದ ದಾಖಲೆಗಳನ್ನೆಲ್ಲ ಜಾಲಾಡಿದೆ, ಕೇಬಲ್ಲಿನವರೊಂದಿಗೆ ಜಗಳವಾಡಿದೆ. ಅಕ್ಕಾರು ತಲೆಯೆತ್ತದೆ ತೀರ್ಪು ಕೊಟ್ಟರು: "ಇಲಿ!"

"ದಿನಾ ಊಟದ ಹೊತ್ತಿಗೇ ವಾಯರ್ ಕಡಿಯೋ ಇಲಿ ಎಲ್ಲೈತ್ರಿ ಅಕ್ಕಾರ?"

"ಇಲಿಗೂ ಹಸಿವಿ ಆಗೂದು ಊಟದ ಹೊತ್ತಿಗೇ ಅಲ್ಲೇನೋ?"

ಇಲಿಬೋನಿನ ಸಮೇತ ಒಬ್ಬ ಮೆಕ್ಯಾನಿಕ್ಕನನ್ನು ಕಳಿಸಿದೆವು. ಗೋದಾಮಿನ ಘಾಟಿಗೆ ಸೀನಿ ಸೀನಿ ಕಣ್ಣು ಮೂಗು ಒಂದಾಗಿ ಮರಳಿ ಬಂದ. ಬೋನು ಖಾಲಿ. ಅಲ್ಲಿನ ಗುಮಾಸ್ತ ನಮ್ಮ ಡಬ್ಬಿಯ ಪ್ಲಗ್ಗು ಕಿತ್ತು ಅದೇ ಜಾಗಕ್ಕೆ ವಿದ್ಯುತ್ ಒಲೆ ಸಿಕ್ಕಿಸಿ ಬುತ್ತಿ ಬಿಸಿಮಾಡಿಕೊಳ್ಳುತ್ತಿದ್ದನಂತೆ! ಈಗಲಾದರೂ ಅಕ್ಕಾರು ಸೋಲೊಪ್ಪಿಕೊಂಡಾರು ಎಂದು ಅವರ ಮುಖ ನೋಡಿದೆ.

"ನಾ ಹೇಳಿದ್ನಿಲ್ಲೋ? ಎರಡು ಕಾಲಿನ ಇಲಿ!"

ಇನ್ನೊಮ್ಮೆ ಕರ್ಜಗಿಯಲ್ಲಿ ಗಟಾರ ತೋಡುತ್ತಿದ್ದ ಜೆಸಿಬಿ ನಮ್ಮ ಕೇಬಲ್ಲನ್ನು ಕತ್ತರಿಸಿತು. ಶಾಖೆಯವರ ಫೋನನ್ನು ಡ್ರೈವರನ ಕೈಗೆ ಕೊಡಿಸಿ ಅಕ್ಕಾರು ಕೇಳಿದ್ದು ಒಂದೇ ಮಾತು: "ತಮ್ಮಾ, ನಿಮ್ಮವ್ವನ ನಂಬರ್ ಕೊಡು." ಆ ತಾಯಿಗೆ ಏನು ಹೇಳಿದರೋ ಕಾಣೆ. ಅಂದಿನಿಂದ ಡ್ರೈವರ್ ಎಲ್ಲಿ ಅಗೆಯುವುದಿದ್ದರೂ ಮೊದಲು ಇವರನ್ನು ಕೇಳುತ್ತಾನೆ. ತನ್ನ ಹಿತ್ತಲಲ್ಲಿ ತೆಂಗಿನ ಸಸಿ ನೆಡುವಾಗಲೂ ಕೇಳಿದ್ದ!

ಇಷ್ಟಾದರೆ ಸಹಿಸಬಹುದಿತ್ತು. ಪರದೆಯೆಲ್ಲ ಹಸಿರಾಗಿರುವಾಗಲೂ ದಿನಾ ಬೆಳಿಗ್ಗೆ ಪ್ರತಿಯೊಂದು ಶಾಖೆಗೂ ಫೋನ್ ಮಾಡಲೇಬೇಕು, ಇದು ಅವರ ಹಟ. ಯಾರ ಎಮ್ಮೆ ಗಬ್ಬಾಯಿತು, ಯಾರ ಮಗಳು ಬಾಣಂತನಕ್ಕೆ ಬಂದಳು, ಬದನೆಕಾಯಿಗೆ ಹುಳ ಬಿದ್ದರೆ ಏನು ಹೊಡೆಯಬೇಕು, ಎಲ್ಲ ವಿಚಾರಿಸಬೇಕು. ಅತ್ತ ಯಾವುದೋ ಚುಕ್ಕೆ ಕೆಂಪಗಾಗಿ ಕೀರಲಿಡುತ್ತಿದ್ದರೆ ಓಡಾಡುವವನು ನಾನೊಬ್ಬನೇ. ಒಮ್ಮೆ ತಪಾಸಣೆಗೆ ಬಂದ ದೊಡ್ಡ ಸಾಹೇಬರೂ ಬೇಸತ್ತು ಕೇಳಿದರು:

"ಎಲ್ಲಾ ಹಸರ ಐತಲ್ಲರಿ, ಮತ್ತ ಫೋನ್ ಯಾಕ?"

"ಹಸರ ಅಂದ್ರ ಡಬ್ಬಿ ಆರಾಮ ಐತಿ ಅಂತ ಆತ್ರಿ ಸಾಹೇಬ್ರ. ಅದರ ಮುಂದ ಕುಂತಾವ್ರ ಸುದ್ದಿ ಡಬ್ಬಿ ಹೇಳತೈತೇನು?"

ಸಾಹೇಬರು ಚಹಾ ಕುಡಿಯದೇ ಹೋದರು. ಆ ದಿನ ನನಗೂ ಅವರ ಹಿಂದೆಯೇ ಹೊರಟುಬಿಡೋಣ ಅನ್ನಿಸಿತ್ತು.

ಹೊಸರಿತ್ತಿಯ ಶಾಖೆಯಲ್ಲಿ ಇರುವವರು ಒಬ್ಬರೇ ಕಾರಕೂನರು. ಹೋದ ಮಳೆಗಾಲದ ಒಂದು ಬೆಳಿಗ್ಗೆ ಅಕ್ಕಾರು ಫೋನ್ ಹಚ್ಚಿದರು. ಕಾರಕೂನರು ಎತ್ತಲಿಲ್ಲ. ಮತ್ತೆ ಹಚ್ಚಿದರು. ಪರದೆಯಲ್ಲಿ ಹೊಸರಿತ್ತಿ ಹಚ್ಚಹಸಿರಾಗಿ ಹೊಳೆಯುತ್ತಿತ್ತು.

"ಚಾ ಕುಡಿಯಾಕ ಹೋಗಿರಬೇಕು ಬಿಡ್ರಿ ಅಕ್ಕಾರ," ಎಂದೆ.

"ಅವರು ಚಾ ಬಿಟ್ಟಾರ. ಸಕ್ಕರಿ ಬ್ಯಾನಿ ಐತಿ. ನಿನ್ನೆ ದನಿ ಸರಿ ಇರಲಿಲ್ಲ."

ಶಾಖೆಯ ಎದುರಿಗಿನ ಕಿರಾಣಿ ಅಂಗಡಿಯವರ ನಂಬರೂ ಅಕ್ಕಾರಿಗೆ ಬಾಯಿಪಾಠ! ಅಂಗಡಿಯವರು ಫೋನ್ ಹಿಡಿದೇ ರಸ್ತೆ ದಾಟಿದರು. ಬಾಗಿಲು ತಳ್ಳಿದ ಸದ್ದು ನಮಗೂ ಕೇಳಿಸಿತು. ಆಮೇಲೆ, "ಅಯ್ಯಯ್ಯ, ಬಿದ್ದಾರ್ರಿ! ಮೈಯೆಲ್ಲಾ ಬೆವತೈತಿ, ಎಬ್ಬಿಸಿದ್ರ ಏಳವಲ್ರು!"

"ಗಾಡಿ ಹಿಡೀರಿ. ಲಗೂ ಹಾವೇರಿಗೆ ಒಯ್ಯಿರಿ," ಎಂದರು ಅಕ್ಕಾರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮಧ್ಯಾಹ್ನದ ತನಕ ಅವರು ಕುರ್ಚಿ ಬಿಟ್ಟು ಏಳಲಿಲ್ಲ, ಮಾತೂ ಆಡಲಿಲ್ಲ. ಆ ಮೌನದಲ್ಲಿ ಯಂತ್ರಗಳ ಗುಂಯ್ ಸದ್ದಷ್ಟೇ ಕೇಳುತ್ತಿತ್ತು, ಮತ್ತು ನಿಜ ಹೇಳುತ್ತೇನೆ, ನನಗೆ ಅದು ಸಹಿಸಲಾಗಲಿಲ್ಲ. ಕೊನೆಗೆ ಆಸ್ಪತ್ರೆಯಿಂದ ಅಂಗಡಿಯವರ ಫೋನ್ ಬಂತು: ಸಕ್ಕರೆ ಪೂರ್ತಿ ಇಳಿದುಹೋಗಿತ್ತಂತೆ, ಕಣ್ಣು ಬಿಟ್ಟಿದ್ದಾರಂತೆ. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು.

ಮರುದಿನ ಇಬ್ಬರೂ ಹಾವೇರಿಯ ಬಸ್ಸು ಹತ್ತಿದೆವು. ಆಸ್ಪತ್ರೆಯ ಬಾಗಿಲಲ್ಲಿ ಅಕ್ಕಾರು ನಿಂತುಬಿಟ್ಟರು. "ಯಾವ ಮಂಚರಿ?" ಎಂದೆ. "ನಂಗೇನ ಗೊತ್ತೋ! ನಾ ಅವರನ್ನ ನೋಡೇ ಇಲ್ಲ," ಎಂದರು. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಮಾತಾಡಿದವರು, ಒಬ್ಬರ ಮುಖ ಒಬ್ಬರು ಕಂಡವರಲ್ಲ!

ನರ್ಸನ್ನು ಕೇಳಿ ಮಂಚ ಹುಡುಕಿದೆವು. ಕಾರಕೂನರು ಇವರನ್ನು ಗುರುತಿಸದೆ ಹೆಂಡತಿಯ ಕಡೆ ನೋಡಿ, "ಇವರು ಯಾರು?" ಎಂದರು. ಅಕ್ಕಾರು ಮಂಚದ ಹತ್ತಿರ ಬಂದು, "ನಾನರಿ... ರಾಣೆಬೆನ್ನೂರಾಕಿ," ಎಂದರು.

ಆ ಮನುಷ್ಯನ ಕಣ್ಣು ತುಂಬಿ ಬಂತು. ಏಳಲು ನೋಡಿದರು, ಆಗಲಿಲ್ಲ. "ಅಕ್ಕಾರ! ನೀವು ಭಾಳ ಎತ್ತರ ಇರ್ತೀರಿ ಅಂತ ತಿಳಕೊಂಡಿದ್ದೆನ್ರಿ."

ಅಕ್ಕಾರು ನಕ್ಕರು, ನಗುನಗುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡರು. ಕಾರಕೂನರ ಹೆಂಡತಿ ಸ್ಟೂಲು ಎಳೆದು ಕೊಟ್ಟರೂ ಅಕ್ಕಾರು ಕೂರಲಿಲ್ಲ. ಕಾರಕೂನರ ಕಾಲ ಮೇಲಿನ ಹೊದಿಕೆ ಸರಿಮಾಡುತ್ತ, ಸರಿಯಿದ್ದುದನ್ನೇ ಮತ್ತೆ ಸರಿಮಾಡುತ್ತ ನಿಂತೇ ಇದ್ದರು. ನಾವು ಮರಳಬೇಕಿದ್ದ ಬಸ್ಸಿನ ಹೊತ್ತಾಗಿತ್ತು. ಹೋದರೆ ಹೋಗಲಿ ಎಂದು ನಾನೇ ಆ ಸ್ಟೂಲಿನ ಮೇಲೆ ಕೂತೆ.