ಕೆಳಗಡೆ ಮೂಲೆಯಲ್ಲಿ ಒಂದು ಹೆಸರು

ಬ್ರಷ್ ಹಿಡಿದವನಿಗೆ ಬೇರೆ ಏನೂ ಸಿಗದಿದ್ದರೂ ಇಂಥ ಪ್ರಸಂಗಗಳು ಮಾತ್ರ ಮನೆ ಹುಡುಕಿಕೊಂಡು ಬರುತ್ತವೆ. ಮೂವತ್ತು ವರ್ಷದಿಂದ ಗುಂಡ್ಲುಪೇಟೆ, ಚಾಮರಾಜನಗರಗಳ ಗೋಡೆಗೆ ಬಣ್ಣ ಹಚ್ಚುತ್ತಾ ಬಂದಿದ್ದೇನೆ. ನಾನು ಏಣಿ ಹತ್ತಿದ ಕಡೆಯೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ತಪ್ಪು ನನ್ನದೇ. ಏಣಿ ಮೇಲೆ ನಿಂತರೆ ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಮಂಜು ಕಾಣುತ್ತದೆ. ಮಂಜು ಕಂಡರೆ ಕೈ ಇಲ್ಲಿರುತ್ತದೆ, ನಾನು ಅಲ್ಲಿರುತ್ತೇನೆ.

ನನಗೆ ಇದ್ದದ್ದು ಒಂದೇ ಆಸೆ. ನಾನು ಬರೆದ ಚಿತ್ರ ಯಾರದಾದರೂ ಮನೆಯ ಗೋಡೆ ಮೇಲೆ ಇರಬೇಕು. ಅದರ ಕೆಳಗಡೆ ಮೂಲೆಯಲ್ಲಿ ‘ಪುಟ್ಟಮಾದ, ಬೇಗೂರು’ ಅಂತ ಇರಬೇಕು. ನಾನು ಸತ್ತ ಮೇಲೂ ಯಾರಾದರೂ ಒಬ್ಬರು ಅದನ್ನು ಬಾಯಿಬಿಟ್ಟು ಓದಬೇಕು. ಕೆಲಸ ಕಲಿಯುತ್ತಿದ್ದಾಗ ಒಂದು ರಾಗಿ ಮಿಲ್ಲಿನ ಬೋರ್ಡಿನ ಮೂಲೆಯಲ್ಲಿ ಕಡಲೆಕಾಳಿನಷ್ಟು ಸಣ್ಣದಾಗಿ ಹೆಸರು ಬರೆದುಕೊಂಡಿದ್ದೆ. ನಮ್ಮ ಮೇಸ್ತ್ರಿ ಕನ್ನಡಕ ಏರಿಸಿ ನೋಡಿದರು.

“ಮಿಲ್ಲು ಅವ್ರುದ್ದು, ಗೋಡೆ ಅವ್ರುದ್ದು, ಎಸ್ರೂ ಅವ್ರುದ್ದು. ನಡುವೆ ನಿಂದೇನ್ಲಾ?”

ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಹಾಕಿದರು. ಆಮೇಲೆ ಆ ಬಟ್ಟೆಯನ್ನು ನನ್ನ ಕೈಗೇ ಕೊಟ್ಟು, “ಒಗ್ಕೊಂಡ್ ಬಾ, ನಿನ್ನೆಸ್ರೇ ಅಲ್ವಾ ಅದ್ರಲ್ಲಿರದು” ಎಂದರು.

ಓದಲು ಬಾರದ ಬೋರ್ಡು

ಗುಂಡ್ಲುಪೇಟೆಯಿಂದ ಕೇರಳದ ಕಡೆ ಹೋಗುವ ರಸ್ತೆಯಲ್ಲಿ ಒಂದು ಹೋಟೆಲು. ಯಜಮಾನರು ಗಡಿಯಾಚೆಯವರು. ಬೋರ್ಡು ಮಲಯಾಳದಲ್ಲೇ ಬೇಕು ಎಂದರು. ನನಗೆ ಆ ಭಾಷೆ ಬರುವುದಿಲ್ಲ ಎಂದೆ. “ಓದೋದು ಬೇಡ, ನೋಡಿ ಬರಿ ಸಾಕು” ಎಂದು ಒಂದು ಕಾಗದ ಕೊಟ್ಟು, ಊರಿಗೆ ಹೋಗುವ ಬಸ್ಸು ಹತ್ತಿದರು.

ಅಕ್ಷರಗಳು ಎಷ್ಟು ಚೆನ್ನಾಗಿದ್ದವು ಅಂದರೆ, ಎಲ್ಲ ಗುಂಡು ಗುಂಡಗೆ, ಒಂದರ ಬಾಲ ಹಿಡಿದು ಇನ್ನೊಂದು. ಎರಡು ದಿನ ಅದರಲ್ಲೇ ತೇಲಿಹೋದೆ. ಕಾಗದದ ಕೊನೆಯಲ್ಲಿ ಮೂರು ಸಾಲು ಸ್ವಲ್ಪ ಅವಸರದ ಕೈಬರಹದಲ್ಲಿತ್ತು. ಅದನ್ನು ಕೆಂಪು ಬಣ್ಣದಲ್ಲಿ, ಹಿಂದೆ ಕಪ್ಪು ನೆರಳು ಕೊಟ್ಟು ಬರೆದು, ಕೊನೆಗೊಂದು ಕಮಲದ ಹೂವನ್ನೂ ಬಿಡಿಸಿದೆ.

ಮೂರನೇ ದಿನ ಕೇರಳದ ಕಡೆಯ ಬಸ್ಸೊಂದು ಬಂದು ನಿಂತಿತು. ಕಿಟಕಿಯಲ್ಲಿದ್ದವರು ಬೋರ್ಡು ನೋಡಿದರು, ಏಣಿ ಮೇಲಿದ್ದ ನನ್ನನ್ನು ನೋಡಿದರು, ಬಿದ್ದು ಬಿದ್ದು ನಕ್ಕರು. ಇಳಿದು ಬಂದು ನನ್ನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಇಳಿದ ಮೇಲೆ ಹೇಗೂ ಹಸಿವಾಗುತ್ತದೆ, ಊಟಕ್ಕೂ ಕೂತರು. ಅಂತೂ ಕಲಾವಿದನಾದೆ ಅಂದುಕೊಂಡು ನಾನು ಮುಗಿಲು ನೋಡುತ್ತಾ ನಿಂತಿದ್ದೆ.

ವಾರ ಕಳೆದು ಯಜಮಾನರು ಬಂದು ತಲೆ ಮೇಲೆ ಕೈ ಇಟ್ಟುಕೊಂಡರು. ಆ ಕೊನೆಯ ಮೂರು ಸಾಲು ಬೋರ್ಡಿಗಲ್ಲವಂತೆ, ಹೋಟೆಲು ನೋಡಿಕೊಳ್ಳುತ್ತಿದ್ದ, ಒಲೆ ಬಿಟ್ಟು ಹೊರಗೇ ಬಾರದ ಅಳಿಯನಿಗಂತೆ. ಓದಿ ಹೇಳಿದರು: “ಈ ಪೇಂಟರ್ ಕೈ ಒಳ್ಳೇದು. ಆದರೆ ಹಗಲುಗನಸಿನ ಮನುಷ್ಯ. ಕೆಲಸ ಮುಗಿಯೋವರೆಗೆ ಪಕ್ಕ ಬಿಟ್ಟು ಏಳಬೇಡ.”

“ಅಳಿಸಿಬಿಡ್ತೀನಿ” ಎಂದೆ.

“ವೇಂಡ ಮೋನೇ, ಬೇಡ. ಒಂದು ವಾರದಿಂದ ಇಲ್ಲಿ ಕೂರೋಕೆ ಜಾಗ ಇಲ್ಲ.”

“ಹಾಗಾದ್ರೆ ಮೂಲೇಲಿ ನನ್ನ ಹೆಸರು ಬರ್ಕೊಳ್ಳಲಾ?”

“ಎಂತಕ್ಕೆ?” ಎಂದರು. “ಇದನ್ನ ಓದಿದವರು ನಿನ್ನನ್ನು ನೋಡಿದ ಕೂಡಲೆ ಗುರುತು ಹಿಡೀತಾರಲ್ಲ.”

ದೃಷ್ಟಿ ಬೊಂಬೆ

ಚಾಮರಾಜನಗರದ ಹೊಸ ಬಡಾವಣೆಯಲ್ಲಿ ರಿಟೈರಾದ ಮೇಷ್ಟ್ರೊಬ್ಬರು ಮನೆ ಕಟ್ಟಿಸಿದ್ದರು. ಮಾಳಿಗೆ ಮೇಲೆ ರಾಕ್ಷಸನ ಮುಖ ಬರೆಯಬೇಕಿತ್ತು. ಮೀಸೆ ಬಂತು, ಕೋರೆಹಲ್ಲು ಬಂತು, ಹೊರಗೆ ಚಾಚಿದ ನಾಲಿಗೆಯೂ ಬಂತು. ಕಣ್ಣು ಬರೆಯುವ ಹೊತ್ತಿಗೆ ಮೋಡ ಕವಿಯಿತು. ತಣ್ಣನೆ ಗಾಳಿ ಬೀಸಿತು. ಆ ಗಾಳಿಯಲ್ಲಿ ಯಾರಿಗೆ ತಾನೇ ಸಿಟ್ಟಿನ ಕಣ್ಣು ಬರೆಯಲು ಆಗುತ್ತದೆ? ಯಾರನ್ನೋ ಕಾಯುತ್ತಾ ಸಂಜೆ ಮಾಡಿಕೊಂಡವನ ಕಣ್ಣು ಬಂದುಬಿಟ್ಟಿತು.

ಹೆಸರು ಹಾಕಿಕೊಳ್ಳಲಾ ಎಂದು ಕೇಳಿದೆ. “ರಾಕ್ಷಸನ ಕೆಳಗಾ? ನಿಮ್ಮವ್ವ ನೋಡುದ್ರೆ ಏನ್ ತಿಳ್ಕಂಡಾರು?” ಎಂದು ಮೇಷ್ಟ್ರು ತಡೆದರು. ಅದೂ ಸರಿಯೇ ಅನ್ನಿಸಿತು.

ಹದಿನೈದು ದಿನಕ್ಕೆ ಫೋನು. ಹೋಗಿ ನೋಡಿದರೆ ಮನೆ ಮುಂದೆ ನಾಲ್ಕು ಜನ ಹೆಂಗಸರು ಕತ್ತೆತ್ತಿ ನಿಂತಿದ್ದಾರೆ. ಒಬ್ಬಾಕೆ, “ಪಾಪ, ಉಂಡಂಗೇ ಇಲ್ಲ ಕಣಕ್ಕ” ಅನ್ನುತ್ತಿದ್ದಾಳೆ. ಇನ್ನೊಬ್ಬಾಕೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಮೇಷ್ಟ್ರು ನನ್ನನ್ನು ಗೇಟಿನಲ್ಲೇ ಹಿಡಿದರು.

“ಮನೆಗೆ ದೃಷ್ಟಿ ಆಗ್ಬಾರ್ದು ಅಂತ ಬೊಂಬೆ ಬರ್ಸುದ್ರೆ, ಬೊಂಬೆಗೇ ದೃಷ್ಟಿ ಆಯ್ತಾ ಅದಲ್ಲಯ್ಯ! ಅದ್ಕೆ ಕಾವಲಿಗೆ ಅಂತ ಪಕ್ಕದಲ್ಲಿ ಇನ್ನೊಂದು ಬರ್ಸು. ಬರೆಯೋನು ಮಾತ್ರ ಬೇರೆ ಯಾರಾದ್ರೂ ಆಗಿರ್ಲಿ.”

ಹಳದಿ ಗೆರೆ

ಆಮೇಲೆ ಫ್ಲೆಕ್ಸ್ ಬಂತು. ನಾನು ನಾಲ್ಕು ದಿನ ಬರೆಯುವ ಬೋರ್ಡನ್ನು ಅದು ಟೀ ಕುಡಿಯುವಷ್ಟರಲ್ಲಿ ಉಗುಳುತ್ತಿತ್ತು. ಏಣಿ ಹಿತ್ತಿಲು ಸೇರಿತು, ಅದರ ಮೇಲೆ ನಮ್ಮವ್ವ ಅವರೆಬಳ್ಳಿ ಹಬ್ಬಿಸಿದಳು. ಆ ದಿನಗಳಲ್ಲಿ ನಿಜಕ್ಕೂ ನೊಂದಿದ್ದೆ. ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ನೆಲಕ್ಕೆ ಹಳದಿ ಗೆರೆ ಎಳೆಯುವ ಕೆಲಸ ಸಿಕ್ಕಿದಾಗ ಇಲ್ಲ ಅನ್ನಲಿಲ್ಲ. ಕೆಲಸಗಾರರು ಯಂತ್ರಗಳ ನಡುವೆ ಆ ಗೆರೆ ಹಿಡಿದೇ ನಡೆಯಬೇಕು ಅನ್ನುವುದು ಅಲ್ಲಿನ ಕಾನೂನು.

ಬಾಗಿಲಿನಿಂದ ಶುರು ಮಾಡಿ ಕೂತು ಕೂತೇ ಎಳೆಯುತ್ತಾ ಹೋದೆ. ಊಟದ ಮನೆ ಕಡೆ ತಿರುಗಬೇಕಾದ ಕಡೆ ಎಡಗಡೆಯಿಂದ ಬಿಸಿಲು ಬಂದಿತ್ತು. ನಾನು ಬಿಸಿಲಿನ ಹಿಂದೆ ಹೋದೆ. ತಲೆ ಎತ್ತಿದಾಗ ಮುಂದೆ ಕಿಟಕಿ ಇತ್ತು, ಅದರಾಚೆ ನೀಲಿ ಬೆಟ್ಟದ ಸಾಲು ಇತ್ತು.

ಮಾರನೆಯ ದಿನ ಊಟದ ಗಂಟೆ ಹೊಡೆಯಿತು. ಪಾಪ, ಕಾನೂನಿಗೆ ಹೆದರುವ ಜನ. ಗೆರೆ ಹಿಡಿದು ಒಬ್ಬರ ಹಿಂದೊಬ್ಬರು ನಡೆದು, ಡಬ್ಬಿ ಕೈಯಲ್ಲಿ ಹಿಡಿದು ಕಿಟಕಿ ಮುಂದೆ ನಿಂತರು. ಸೂಪರ್‌ವೈಸರ್ ಕೂಗುತ್ತಾ ಬಂದರು. ಅವರೂ ಗೆರೆ ಮೇಲೇ ಬಂದರು. ಕಿಟಕಿ ಹತ್ತಿರ ಅವರ ಕೂಗು ನಿಂತಿತು.

“ಇದು ಎಲ್ಲಿಗ್ ಓಯ್ತದಲಾ?” ಎಂದು ಮೆಲ್ಲಗೆ ಕೇಳಿದರು.

“ಬೆಟ್ಟಕ್ಕೆ ಸಾರ್.”

ಅವರು ಇನ್ನೊಂದು ಸಲ ಹೊರಗೆ ನೋಡಿ, “ನೀನು ನಾಳೆಯಿಂದ ಬರ್ಬೇಡ” ಎಂದರು. “ಗೆರೆ ಇರ್ಲಿ ಬುಡು.”

ಮೂರು ಮೂಗು

ಕೆಲಸವಿಲ್ಲದೆ ಕೂತವನಿಗೆ ದಾರಿ ತೋರಿಸಿದವರು ಪೇಟೆಯ ಸ್ಟುಡಿಯೊದವರು. ಸತ್ತ ಹಿರಿಯರ ಫೋಟೊ ದೊಡ್ಡದು ಮಾಡಿಸಲು ಅವರ ಹತ್ತಿರ ಜನ ಬರುತ್ತಾರೆ. ಒಂದೂ ಫೋಟೊ ಇಲ್ಲದೆ ತೀರಿಕೊಂಡವರ ಮಕ್ಕಳೂ ಬರುತ್ತಾರೆ. ಅಂಥವರನ್ನು ನನ್ನ ಹತ್ತಿರ ಕಳಿಸತೊಡಗಿದರು. ಮನೆಯವರು ಹೇಳುವುದನ್ನು ಕೇಳಿಕೊಂಡು ನಾನು ಮುಖ ಬರೆಯಬೇಕು. ಕಣ್ಣು ಮುಚ್ಚಿ ಕೇಳುವ ಕೆಲಸ. ನನಗೆ ಹೇಳಿ ಮಾಡಿಸಿದ್ದು.

ಮೊದಲ ಮನೆ ಚಂದಕವಾಡಿಯಲ್ಲಿ. ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ಅಪ್ಪನ ಮೂಗು ಹೇಗಿತ್ತು ಎಂದು ಕೇಳಿದೆ. ಮೂವರೂ ಒಟ್ಟಿಗೆ ತಮ್ಮ ತಮ್ಮ ಮೂಗು ಮುಟ್ಟಿಕೊಂಡು “ಇಂಗೇ” ಎಂದರು. ಮೂರು ಮೂಗೂ ಮೂರು ದಿಕ್ಕು. ನಾನು ಮೂರನ್ನೂ ಬದಿಗಿಟ್ಟು, ಅಪ್ಪ ನಗುವಾಗ ಏನು ಮಾಡುತ್ತಿದ್ದರು ಎಂದು ಕೇಳಿ, ಅದರ ಮೇಲೆ ಬರೆದೆ. ಪಟ ನೋಡಿ ಮೂವರೂ ಮೊದಲ ಸಲ ಒಂದೇ ಮಾತಾಡಿದರು: “ನಮ್ಮಪ್ಪ ಇಂಗಿರ್ನಿಲ್ಲ.”

ಅಷ್ಟರಲ್ಲಿ ಅವರ ಹೊಲದಲ್ಲಿ ಗೇಯುತ್ತಿದ್ದ ಮುದುಕನೊಬ್ಬ ಬೀಡಿ ಸೇದುತ್ತಾ ಬಾಗಿಲಿಗೆ ಬಂದ. ಜಗಲಿಗೆ ಒರಗಿಸಿದ್ದ ಪಟ ಕಣ್ಣಿಗೆ ಬಿತ್ತು. ಗಕ್ಕನೆ ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಂಡ. ಬೆರಳು ಸುಡುವ ತನಕ ಹಾಗೇ ನಿಂತಿದ್ದ. ಮಕ್ಕಳ ವಾದ ಅಲ್ಲಿಗೆ ಮುಗಿಯಿತು.

ಇದೇ ಹೊತ್ತು ಎಂದು ಹಿರಿಯಣ್ಣನನ್ನು ಕೇಳಿದೆ, ಕೆಳಗಡೆ ಮೂಲೆಯಲ್ಲಿ ನನ್ನ ಹೆಸರು ಹಾಕಲಾ ಅಂತ. ಆತ ತಮ್ಮನನ್ನು ಒಮ್ಮೆ, ತಂಗಿಯನ್ನು ಒಮ್ಮೆ ನೋಡಿ ಹೇಳಿದ:

“ಬ್ಯಾಡಣ್ಣ. ಅಪ್ಪನ ಪಟ್ದಲ್ಲಿ ನಿನ್ನೆಸ್ರಿದ್ರೆ, ನಾಳೆ ನೀನೂ ಭಾಗಕ್ಕೆ ಬಂದ್ಬುಟ್ಟೀಯೆ.”

ಸನ್ಮಾನ

ಹಾಗೆ ಹೀಗೆ ಐವತ್ತು ಅರವತ್ತು ಮನೆಗೆ ಹಿರಿಯರನ್ನು ತಂದುಕೊಟ್ಟೆ. ಹೆಸರಿಲ್ಲದೆಯೇ ಹೆಸರಾಯಿತು. ಕಳೆದ ವರ್ಷ ಊರಿನವರು ಶಾಲು ಹೊದಿಸಿ, ಪೇಟ ತೊಡಿಸಿ ಸನ್ಮಾನ ಮಾಡಿದರು. ರಸ್ತೆಯಲ್ಲಿ ನನ್ನ ಮುಖದ ದೊಡ್ಡ ಫ್ಲೆಕ್ಸು, ಕೆಳಗೆ ನನ್ನ ಹೆಸರು. ನನ್ನ ಅನ್ನ ಕಿತ್ತುಕೊಂಡ ಫ್ಲೆಕ್ಸಿನಲ್ಲೇ ನನ್ನ ಹೆಸರು ಬರೆಸಿದರಲ್ಲ ಎಂದು ನಗುವೂ ಬಂತು, ಒಳಗೆ ಸಂತೋಷವೂ ಆಯಿತು.

ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡೋಣ ಎಂದು ಹೋದರೆ ಕಂಬ ಮಾತ್ರ ಇತ್ತು. ಪಕ್ಕದ ಮನೆಯವರು ಅದನ್ನು ಬಿಚ್ಚಿಕೊಂಡು ಕೊಟ್ಟಿಗೆಗೆ ಮರೆ ಕಟ್ಟಿದ್ದರು. ಹಸು ನನ್ನ ಹೆಸರಿನ ಮೇಲೆ ಬೆನ್ನು ಉಜ್ಜಿಕೊಳ್ಳುತ್ತಿತ್ತು.

“ಬೇಜಾರ್ ಮಾಡ್ಕಬೇಡ ಕಣಣ್ಣ” ಎಂದಳು ಮನೆಯಾಕೆ. “ನಿನ್ ಮುಖ ಕಟ್ಟುದ್ ಮ್ಯಾಕೆ ನಮ್ ಹಸ ಒದೀದೇ ಹಾಲ್ ಕೊಡ್ತಾ ಅದೆ.”

ಅಮಾವಾಸ್ಯೆಯ ಊಟ

ಈಗ ಹೇಳುವುದು ಈಚಿನದು. ಗುಂಡ್ಲುಪೇಟೆ ಹತ್ತಿರದ ಹಳ್ಳಿಯ ಒಬ್ಬ ಅಜ್ಜಿ ಹೇಳಿ ಕಳಿಸಿದರು. ಗಂಡ ಚಿಕ್ಕ ವಯಸ್ಸಿಗೇ ತೀರಿಕೊಂಡಿದ್ದರು, ಫೋಟೊ ಇರಲಿಲ್ಲ. ಜೊತೆಗೆ ಮಗಳು, ಮಗಳ ಮಗ. ಮೂಗು, ಕಿವಿ, ಮೀಸೆ ಅಂತ ಅಜ್ಜಿ ಏನೂ ಹೇಳಲಿಲ್ಲ. “ಸಂಜೆ ಹೊಲ್ದಿಂದ ಬರ್ವಾಗ ಯಾರೋ ಕರುದ್ರೇನೋ ಅನ್ನಂಗೆ ಕತ್ತು ತಿರುಗ್ಸೋರು” ಎಂದರು, ಅಷ್ಟೇ. ನಾನು ಅದನ್ನೇ ಬರೆದೆ.

ಪಟ ತಂದು ಗೋಡೆಗೆ ಹಾಕಿದಾಗ ಕೂತಿದ್ದ ಅಜ್ಜಿ ಎದ್ದು ನಿಂತು, ತಲೆ ಮೇಲೆ ಸೆರಗು ಹೊದ್ದರು. ತುಂಬ ಹೊತ್ತು ನೋಡಿದರು. ಹೆಸರಿನ ವಿಷಯ ನಾಚುತ್ತಲೇ ಕೇಳಿದೆ.

“ಆಕ್ಕೊ ಮಗ, ನಿನ್ನೆಸ್ರ ದಪ್ಪಗೇ ಆಕ್ಕೊ” ಎಂದರು. “ಇಷ್ಟ್ ವರ್ಸ ನನ್ ಕಣ್ಣೊಳ್ಗೆ ಮಾತ್ರ ಇದ್ರು. ಗೋಡೆಗೆ ತಂದೋನು ನೀನು.”

ಬ್ರಷ್ ಅದ್ದಿ ಬರೆದೆ. ಮೂವತ್ತು ವರ್ಷ ಕಾದದ್ದಕ್ಕೋ ಏನೋ, ಅಕ್ಷರ ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದೇ ಆಯಿತು. ಆ ಖುಷಿಯಲ್ಲಿ ಪಟದಲ್ಲಿದ್ದವರ ಹೆಸರು ಏನೆಂದು ಕೇಳುವುದನ್ನೇ ಮರೆತೆ.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ಹಬ್ಬ. ನನ್ನನ್ನೂ ಊಟಕ್ಕೆ ಕರೆದಿದ್ದರು. ಪಟದ ಮುಂದೆ ಹೊಸ ಪಂಚೆ, ಎಲೆ ತುಂಬ ಕಜ್ಜಾಯ, ವಡೆ, ಪಾಯಸ. ಮಗಳು ಒಲೆ ಮುಂದೆ, ಮೊಮ್ಮಗ ಕಾಗೆಗೆ ಎಡೆ ಇಡಲು ಮಾಡಿನ ಮೇಲೆ. ನಾನು ಗೋಡೆಗೆ ಒರಗಿ ಊದುಬತ್ತಿಯ ಹೊಗೆ ನೋಡುತ್ತಾ ಕೂತಿದ್ದೆ. ಹಿರಿಯರನ್ನು ಹೆಸರು ಹಿಡಿದು ಕರೆಯುವ ದಾಸಯ್ಯ ಬಂದರು. ಆ ಊರಿಗೆ ಹೊಸಬರು, ಇನ್ನೂ ಹತ್ತು ಮನೆ ಬಾಕಿ ಇತ್ತು, ಅವಸರದಲ್ಲಿದ್ದರು.

“ಯಜಮಾನ್ರ ಎಸ್ರೇನವ್ವ?”

ಗಂಡನ ಹೆಸರನ್ನು ಅಜ್ಜಿ ಜನ್ಮದಲ್ಲಿ ಬಾಯಲ್ಲಿ ಹೇಳಿದವರಲ್ಲ. ಸೆರಗು ಬಾಯಿಗಿಟ್ಟು ತಲೆ ತಗ್ಗಿಸಿದರು. ದಾಸಯ್ಯ ಕಾಯಲಿಲ್ಲ. ಕನ್ನಡಕ ಹಾಕಿಕೊಂಡು ಪಟದ ಹತ್ತಿರ ಬಾಗಿದರು. ಶಂಖ ಊದಿದರು, ಜಾಗಟೆ ಬಾರಿಸಿದರು, ಊರಿಗೆಲ್ಲ ಕೇಳುವ ಹಾಗೆ ಕರೆದರು:

“ಬೇಗೂರ ಪುಟ್ಟಮಾದಪ್ಪನೋರೇ! ಬನ್ನಿ, ಬಂದು ಉಣ್ಣಿ!”

ಅಜ್ಜಿ ಎರಡು ಕೈಯನ್ನೂ ಆಡಿಸಿದರು. ಅದಲ್ಲ ಅನ್ನಬಹುದು, ಆದರೆ ಯಾವುದು ಅನ್ನುವ ಹಾಗಿಲ್ಲ. ದುಃಖ ಉಕ್ಕಿ ಬಂದಿದೆ ಎಂದುಕೊಂಡ ದಾಸಯ್ಯ ಇನ್ನೂ ಜೋರಾಗಿ ಕರೆದರು. ನಾನಾದರೂ ಬಾಯಿ ಬಿಡಬೇಕಿತ್ತು. ಆಗಲಿಲ್ಲ. ನನ್ನ ಹೆಸರನ್ನು ನನ್ನ ಚಿತ್ರದ ಮೂಲೆಯಿಂದ ಒಬ್ಬರು ಓದುತ್ತಿದ್ದದ್ದು ಅದೇ ಮೊದಲು. ಇನ್ನೊಂದು ಸಲ ಕರೆಯಲಿ ಎಂದೇ ಕಾದೆ, ಸುಳ್ಳು ಯಾಕೆ ಹೇಳಲಿ.

ಮಗಳು ಸೌಟು ಹಿಡಿದು ಓಡಿ ಬಂದಳು. “ಅಯ್ಯೋ ದಾಸಯ್ಯ, ಅದು ನಮ್ಮಪ್ಪನ ಎಸ್ರಲ್ಲ! ಪಟ ಬರ್ದೋನ್ದು! ಅಗಾ, ಅಲ್ಲಿ ಕುಂತವ್ನಲ್ಲ ಅವನ್ದು!”

ದಾಸಯ್ಯ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ಮಗಳನ್ನು ಕೇಳಿ ಸರಿಯಾದ ಹೆಸರನ್ನೂ ಕರೆದರು. “ಶಂಕ ಊದಿ ಕರ್ದ ಮ್ಯಾಕೆ ಯಾರ್ನೂ ವಾಪಸ್ ಕಳ್ಸಂಗಿಲ್ಲ ಕಣವ್ವ. ಇನ್ ಮುಂದೆ ವರ್ಸ ವರ್ಸವೂ ಎರಡೆಸ್ರೂ ಕರ್ಯದೇ. ನಾನ್ ಸತ್ರೂ ನನ್ ಮಗ ಕರ್ದಾನು.”

ಅಷ್ಟರಲ್ಲಿ ಮಾಡಿನ ಮೇಲಿಂದ ಮೊಮ್ಮಗ ಕೂಗಿದ: “ಅಜ್ಜಿ, ಕಾಗೆ ಬಂದು ಕುಂತದೆ, ಎಡೆ ಮುಟ್ತಾ ಇಲ್ಲ!”

“ಎಂಗ್ ಮುಟ್ಟದು?” ಎಂದರು ಅಜ್ಜಿ. “ಕರ್ಸ್ಕೊಂಡೋನು ಇಲ್ಲೇ ಅಸ್ಕೊಂಡು ಕುಂತವ್ನೆ. ಮೊದ್ಲು ಅವನ್ಗೆ ಇಕ್ಕಿ!”

ಎಲೆ ಹಾಕಿದರು. ಮನೆಯವರೆಲ್ಲ ಸುತ್ತ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ಕಣ್ಣು ಮಂಜಾಗಿತ್ತು. ವಡೆ ಮುರಿದು ಮೊದಲ ತುತ್ತು ಬಾಯಿಗಿಟ್ಟೆ. “ಮುಟ್ತು! ಮುಟ್ತು!” ಎಂದು ಮೇಲಿನಿಂದ ಕೂಗು ಬಂತು. ದಾಸಯ್ಯ ಜಾಗಟೆ ಬಾರಿಸಿದರು. ಅಜ್ಜಿ ನನ್ನ ಎಲೆಗೆ ಕೈ ಮುಗಿದು, ಮಗಳ ಕಡೆ ತಿರುಗಿದರು:

“ಇನ್ನೊಂದ್ ವಡೆ ಇಕ್ಕು ಕಣಮ್ಮಿ. ವರ್ಸಕ್ಕೊಂದೇ ಸಲ ಬರೋರು.”