ಊಟದ ಮೇಲಿನ ನಿದ್ದೆಗೆ ಕಾರಣಗಳು

ನನ್ನ ಬಗ್ಗೆ ಬೇರೆಯವರು ಬರೆದದ್ದು ಈವರೆಗೆ ಒಂದೇ ಒಂದು ಪ್ರಬಂಧ. ಅದರಲ್ಲಿ ಹೊಗಳಿಕೆ ಏನೂ ಇಲ್ಲ. ಆದರೂ ಮನೆಗೆ ಬಂದವರಿಗೆಲ್ಲ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನ ಶೆಟ್ಟಿಹಳ್ಳಿಯಿಂದ ದಿನಾ ಬಸ್ಸು ಹತ್ತಿ, ಗುಬ್ಬಿಯ ಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡಲು ಹೋಗುತ್ತಿದ್ದೆ. ನಮ್ಮ ಮಕ್ಕಳಿಗೆ ಪ್ರಬಂಧವೆಂದರೆ ಗೈಡು ನೋಡಿ ಬಾಯಿಪಾಠ. ಮನೆಯಲ್ಲಿ ಎಮ್ಮೆ ಕಟ್ಟಿದವರೂ ಗೈಡಿನ ಹಸುವಿನ ಬಗ್ಗೆಯೇ ಬರೆಯುತ್ತಿದ್ದರು. ಬೇಸತ್ತು, ಏಳನೇ ಕ್ಲಾಸಿನವರನ್ನು ಗುಂಪು ಮಾಡಿ, ಕಾರಣ ಹುಡುಕಿ ಬರೆಯುವ ಪ್ರಬಂಧ ಬರೆಸಲು ಹೊರಟೆ. ಮೊದಮೊದಲು ಗುಂಪೆಂದರೆ ಅಕ್ಷರ ದುಂಡಗಿರುವ ರತ್ನ ಬರೆಯುವುದು, ಮಿಕ್ಕವರು ಹುಣಸೆಹಣ್ಣು ಚೀಪುತ್ತ ನೋಡುವುದು. ಅದಕ್ಕೇ ಒಂದು ನಿಯಮ ತಂದೆ: ಒಬ್ಬರು ಕಾರಣ ಹೇಳಿದರೆ ಇನ್ನೊಬ್ಬರು "ಹೆಂಗೆ ಗೊತ್ತು?" ಎಂದು ಕೇಳಲೇಬೇಕು. ವಿಷಯವನ್ನೂ ನಾನೇ ಕೊಟ್ಟೆ: ಊಟದ ಮೇಲಿನ ಪೀರಿಯಡ್ಡಿನಲ್ಲಿ ನಿದ್ದೆ ಏಕೆ ಬರುತ್ತದೆ? ವಾರದಲ್ಲಿ ಒಂದು ದಿನ ಬಿಟ್ಟು ಆ ಪೀರಿಯಡ್ಡು ನನ್ನದೇ ಎಂಬುದು ಆಗ ಹೊಳೆಯಲಿಲ್ಲ.

"ಮುದ್ದೆ ಉಂಡ್ರೆ ನಿದ್ದೆ ಬರ್ತದೆ, ಅಷ್ಟೇ" ಎಂದ ಗುಂಪಿನ ಹಟಮಾರಿ ಮಂಜ.

"ಹೆಂಗೆ ಗೊತ್ತು? ನಾನು ತರೋದು ಅನ್ನ. ನಂಗೂ ಬರ್ತದಲ್ಲ!" ಎಂದಳು ರತ್ನ.

"ಹಂಗಾರೆ ಸೆಕೆ ಬುಡು."

"ಬುಧವಾರ ಅದೇ ಹೊತ್ನಲ್ಲಿ ಹೆಡ್‌ಮಾಸ್ಟ್ರು ಲೆಕ್ಕ ಮಾಡ್ತಾರೆ. ಅವತ್ತು ಸೆಕೆ ಇರಲ್ವಾ? ಯಾರಾದ್ರೂ ತೂಕಡಿಸ್ತೀವಾ?"

ಇಡೀ ಗುಂಪು ನನ್ನ ಕಡೆ ನೋಡಿತು. ಹೆಡ್‌ಮಾಸ್ಟರ ಕೈಯಲ್ಲಿ ಕೋಲಿರುತ್ತದಲ್ಲ ಎನ್ನಬೇಕೆನಿಸಿತು. "ಹೆಂಗೆ ಗೊತ್ತು ಮಿಸ್?" ಎಂದುಬಿಟ್ಟಾರೆಂದು ಬೋರ್ಡು ಒರೆಸತೊಡಗಿದೆ.

"ಮಿಸ್, ನಿಜ ಬರೀಬೋದಾ?" ರತ್ನ ಮೆಲ್ಲಗೆ ಕೇಳಿದಳು.

"ಬರೀರಮ್ಮ" ಎಂದೆ.

ಶನಿವಾರ, ಪ್ರಬಂಧ ಕೇಳಲೆಂದು ಕ್ಲಾಸಿಗೆ ಬಂದ ಹೆಡ್‌ಮಾಸ್ಟರ ಎದುರು ರತ್ನ ಗಟ್ಟಿಯಾಗಿ ಓದಿದಳು. ಮುದ್ದೆ ಕಾರಣವಲ್ಲ, ಸೆಕೆ ಕಾರಣವಲ್ಲ, ಏಕೆಂದರೆ ಬುಧವಾರವೂ ಅವೆರಡೂ ಇರುತ್ತವೆ. ಆದ್ದರಿಂದ ಜೋಗುಳದಂತಿರುವ ಮಿಸ್ ಧ್ವನಿಯೇ ಕಾರಣ.

ಹೆಡ್‌ಮಾಸ್ಟರು ಕನ್ನಡಕ ತೆಗೆದು, "ಇದನ್ನ ತಿದ್ದಲಿಲ್ವಾ ಮೇಡಂ?" ಎಂದರು.

"ತಪ್ಪೇ ಸಿಗಲಿಲ್ಲ ಸಾರ್" ಎಂದೆ.

ಅವರು ಮಂಜನ ಕಡೆ ತಿರುಗಿ, "ನೀನೂ ಒಪ್ತೀಯೇನೋ?" ಎಂದು ಗದರಿದರು.

"ಮೊದ್ಲು ಮುದ್ದೆ ಅಂತಿದ್ದೆ ಸಾರ್. ಇವ್ಳು ಹೆಂಗೆ ಗೊತ್ತು ಅಂದ್ಲು. ಯೋಚ್ನೆ ಮಾಡಿ ಬಿಟ್ಬುಟ್ಟೆ."

ಹಟಮಾರಿ ಮಂಜ, ಹುಡುಗಿಯೊಬ್ಬಳ ಮಾತು ಸರಿಯೆನಿಸಿ ತನ್ನ ಮಾತು ಬಿಟ್ಟಿದ್ದ! ನನ್ನ ಕಣ್ಣು ತುಂಬಿ ಬಂತು. ಮಿಸ್‌ಗೆ ಬೇಜಾರಾಯಿತೆಂದು ಮಕ್ಕಳು ಗಾಬರಿಯಾದರು.

ಸಂಜೆ ಬಸ್ಸಿನಲ್ಲಿ ಪ್ರಬಂಧವನ್ನು ಮತ್ತೆ ಮತ್ತೆ ಓದಿದೆ. ಪೂರ್ತಿ ಮಾರ್ಕು ಕೊಡುವವಳಿದ್ದೆ. ಅಷ್ಟರಲ್ಲಿ ಕಣ್ಣಿಗೆ ಬಿತ್ತು: 'ಧ್ವನಿ' ಎನ್ನುವ ಕಡೆ 'ದ್ವನಿ' ಎಂದು ಬರೆದಿದ್ದರು. ಕೆಂಪು ಪೆನ್ನು ತೆಗೆದು, ಆ ಅಲುಗಾಡುವ ಬಸ್ಸಿನಲ್ಲೂ ಅದರ ಸುತ್ತ ದುಂಡಗೆ ಸುತ್ತು ಹಾಕಿದೆ. ಅರ್ಧ ಮಾರ್ಕು ಕಳೆದ ಮೇಲೇ ನನ್ನ ಮನಸ್ಸಿಗೆ ಸಮಾಧಾನವಾಯಿತು.